ಸಿಂಧನೂರಿನಲ್ಲಿ ಕರಿ ಅಂಗಿ

ಎಂಬತ್ತರ ದಶಕದ ಕೊನೆಗೆ ನಾನು ಬಿ.ಎ. ಪರೀಕ್ಷೆಗೆ ಮಾಳಿಗೆ ಹತ್ತಿ ಓದುತ್ತಿದ್ದೆ. ಮಸ್ಕಿಯ ನಮ್ಮ ಓಣಿಯಲ್ಲಿ ಓದುವುದೆಂದರೆ ಗಟ್ಟಿಯಾಗಿ ಓದುವುದು. ಒಂದು ಗಳಿಗೆ ಸುಮ್ಮನಾದರೂ ಅವ್ವ ಕೆಳಗಿನಿಂದ "ನಿದ್ದಿ ಹತ್ತೇತೇನ?" ಎಂದು ಕೂಗುತ್ತಿದ್ದಳು. ಹಾಗಾಗಿ ಆ ಬೇಸಿಗೆಯಲ್ಲಿ ಬ್ರಿಟನ್ನಿನ ಕರಿ ಅಂಗಿಯವರ ಚರಿತ್ರೆ ನನಗಿಂತ ಮೊದಲು ಓಣಿಗೇ ಬಾಯಿಪಾಠವಾಯಿತು.

ಸಿಂಧನೂರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಬರೆಸಿದ ಉತ್ತರ ಉದ್ದವಾಗಿತ್ತು. ಇಟಲಿಯ ಸರ್ವಾಧಿಕಾರಿಗೆ ಮರುಳಾಗಿ ಬ್ರಿಟನ್ನಿನಲ್ಲಿ ಮೊದಲ ಫ್ಯಾಸಿಸ್ಟ್ ಗುಂಪು ಕಟ್ಟಿದವಳು ಒಬ್ಬ ಹೆಣ್ಣುಮಗಳು. ಆಮೇಲೆ ಮೂವತ್ತರ ದಶಕದಲ್ಲಿ ಬಂದವನು ಮಂತ್ರಿಗಿರಿ ಬಿಟ್ಟ ಸಿರಿವಂತ, ಅವನ ಹಿಂದೆ ಕರಿ ಅಂಗಿ ತೊಟ್ಟ ಹುಡುಗರು. ಬ್ರಿಟನ್ ಬ್ರಿಟಿಷರಿಗೇ ಸೇರಬೇಕು, ಪಾರ್ಲಿಮೆಂಟು ಬರೀ ಹರಟೆಕಟ್ಟೆ, ನಾಡಿಗೆ ಒಬ್ಬ ಗಟ್ಟಿ ನಾಯಕ ಸಾಕು, ಜನಕ್ಕೆ ಕೆಲಸವಿಲ್ಲದಿರುವುದಕ್ಕೆ ಹೊರಗಿನಿಂದ ಬಂದ ಯಹೂದಿಗಳೇ ಕಾರಣ. ಇವೆಲ್ಲ ಅವರ 'ಧ್ಯೇಯಗಳು'. ಇದರ ನಂತರ 'ಪರಿಣಾಮಗಳು'. ಬಾಯಿಪಾಠ ಮಾಡಿದವರಿಗೆ ಗೊತ್ತು, ತಪ್ಪಿದಾಗೆಲ್ಲ ಮೊದಲಿನಿಂದ ಶುರುಮಾಡಬೇಕು. ಧ್ಯೇಯಗಳು ನನಗೆ ನಿದ್ದೆಯಲ್ಲೂ ಬರುತ್ತಿದ್ದವು. ಪರಿಣಾಮಗಳಿಗೆ ಬಂದೊಡನೆ ನಾಲಿಗೆ ತೊಡರುತ್ತಿತ್ತು, ಮತ್ತೆ ಧ್ಯೇಯಗಳಿಂದಲೇ ಶುರು.

ಕೆಳಗೆ ಅಂಗಳದಲ್ಲಿ ಅಣ್ಣ ಬೇವಿನ ಕಡ್ಡಿ ಜಗಿಯುತ್ತ ಕೇಳುತ್ತಿದ್ದ. ಡಿಗ್ರಿ ಮುಗಿಸಿ ಖಾಲಿ ಕೂತಿದ್ದ. ಸಿಂಧನೂರಿನ ಭತ್ತದ ಮಿಲ್ಲಿನಲ್ಲಿ ಗುಮಾಸ್ತಿಕೆ ಕೇಳಲು ಹೋದರೆ, ಕ್ಯಾಂಪಿನ ಮಾಲೀಕ ತನ್ನ ಅಳಿಯನನ್ನೇ ಆ ಕುರ್ಚಿಗೆ ಕೂರಿಸಿದ್ದ. ಕಾಲುವೆಗೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಮೊಮ್ಮಕ್ಕಳು ಹುಟ್ಟಿದರೂ ಅವು ಕ್ಯಾಂಪುಗಳೇ.

"ತಂಗಿ, ಹೊರಗಿನವ್ರದು ಅಂದೆಲ್ಲ, ಅದನ್ನ ಇನ್ನೊಮ್ಮೆ ಅನ್ನು. ಏನ್ ಚಲೋ ಬರಸ್ಯಾರ ನಿಮ್ಮ ಸರ್!"

"ಮುಂದಿಂದೂ ಕೇಳು. ಆ ಮಂದಿ ಕಡೀಗೆ ಏನಾದ್ರು ಅನ್ನೂದು ಅದರಾಗ ಐತಿ."

"ಮುಂದಿಂದು ನಿನಗ ಬರಂಗಿಲ್ಲಲ್ಲ," ಎಂದು ನಕ್ಕ. ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಹದಿನೈದು ದಿನ ಕಳೆಯುವುದರೊಳಗೆ ಅಣ್ಣ ತನ್ನಂಥ ಖಾಲಿ ಹುಡುಗರನ್ನು ಕೂಡಿಸಿಕೊಂಡು, ಲಿಂಗಸುಗೂರಿಗೆ ಹೋಗಿ ಕರಿ ಅಂಗಿ ಹೊಲಿಸಿಕೊಂಡು ಬಂದ. ನಮ್ಮ ಬಿಸಿಲಿಗೆ ಕರಿ ಅಂಗಿ! ಲಂಡನ್ನಿನವರಿಗಾದರೂ ಚಳಿಯ ನೆಪವಿತ್ತು. ಅಪ್ಪ "ಏನ್ಲೇ, ಯಾರ ಮಣ್ಣಿಗೆ ಹೊಂಟೀರಿ?" ಎಂದು ಕೇಳಿದ. ಎಲ್ಲರೂ ನಕ್ಕೆವು. ಆಮೇಲೆ ನಗಲಾಗಲಿಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರು ಭಾಷಣ, ಭಾಷಣ ಮುಗಿದ ಮೇಲೆ ಕ್ಯಾಂಪಿನವರ ಇಡ್ಲಿ ಹೋಟೆಲಿಗೆ ಬೀಗ ಜಡಿಯುವುದು ಎಂದು ಅವರು ಗೊತ್ತುಮಾಡಿಕೊಂಡಿದ್ದರು. ಆ ಹೋಟೆಲು ನನ್ನ ಗೆಳತಿಯ ಮನೆಯವರದು. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು.

ಭಾಷಣದ ದಿನ ಬೆಳಿಗ್ಗೆ ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. "ನಾ ಹುಟ್ಟಿದ್ದು ಇಲ್ಲೇ ಸಿಂಧನೂರು ದವಾಖಾನ್ಯಾಗ. ಯಾವೂರಿಗೆ ಹೋಗಬೇಕು, ನೀನೇ ಹೇಳು" ಎಂದು ಕೇಳಿದಳು. ದಿನವಿಡೀ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಕ್ಲಾಸಿನಲ್ಲಿ ಕೂರಲಾಗದೆ ಎದ್ದು ಬಂದೆ, ಬಸ್‌ಸ್ಟ್ಯಾಂಡಿಗೂ ಹೋಟೆಲಿಗೂ ಸುಮ್ಮನೆ ತಿರುಗಾಡಿದೆ. ಅವಳ ಅವ್ವ ಮಾತ್ರ ಎಂದಿನಂತೆ ಒಲೆ ಹಚ್ಚಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಳು.

ಸಂಜೆ ಟ್ರಾಕ್ಟರ್ ಟ್ರಾಲಿಯ ಮೇಲೆ ಹತ್ತಿ ಅಣ್ಣ ಮೈಕು ಹಿಡಿದ. ನಾನೂ ಗೆಳತಿಯೂ ಹೋಟೆಲಿನ ಮೆಟ್ಟಿಲ ಮೇಲಿದ್ದೆವು. ಬ್ರಿಟನ್ ಎಂದು ಶುರುಮಾಡಿ, ಅಲ್ಲಿಯ ಗಂಡಸರು ಹೆಂಗೆ ಎದ್ದು ನಿಂತರು ನೋಡಿ ಎಂದು, ಪೂರ್ತಿ ನನ್ನ ಉತ್ತರವನ್ನೇ ಒಪ್ಪಿಸತೊಡಗಿದ. ನನ್ನ ರಾಗ, ನಾನು ಉಸಿರು ತೆಗೆದುಕೊಳ್ಳುವ ಜಾಗ, ಎಲ್ಲ ಹಾಗೆಹಾಗೇ. ಚಪ್ಪಾಳೆ ಬಿತ್ತು. ಉಮೇದಿಗೆ ಬಿದ್ದು ಧ್ಯೇಯಗಳನ್ನು ದಾಟಿಬಿಟ್ಟ. "ಹಿಂಗ ಕರಿ ಅಂಗಿಯವರು ಲಂಡನ್ನಿನ ಪೂರ್ವ ಭಾಗದಾಗ ಮೆರವಣಿಗಿ ಹೊಂಟಾಗ..." ಎಂದವನು ಅಲ್ಲಿಗೇ ನಿಂತ. ಮನೆಯಲ್ಲಿ ನಾನು ನಿಲ್ಲುತ್ತಿದ್ದುದೂ ಅಲ್ಲೇ. ಜನ ಕಾಯುತ್ತಿದ್ದರು. ಅವನ ಕಣ್ಣು ತಾನಾಗಿ ನನ್ನ ಕಡೆ ತಿರುಗಿತು.

ಅದೆಲ್ಲಿತ್ತೋ, ಆ ಸಾಲು ನನಗೆ ಆಗ ಬಂತು. ಮಾಳಿಗೆಯ ಮೇಲೆ ಕೂಗಿದಂತೆ ಕೂಗಿಯೇ ಹೇಳಿದೆ. ಅಣ್ಣ ಕೇಳಿದ್ದನ್ನು ಹಾಗೇ ಮೈಕಿನಲ್ಲಿ ಒದರಿಬಿಟ್ಟ:

"ಊರ ಮಂದಿ ಎಲ್ಲ ಬೀದಿಗಿಳಿದು ದಾರಿ ಕಟ್ಟಿದರು! ಹೋಗಾಕ ಬಿಡಂಗಿಲ್ಲ ಅಂದರು!"

ಅಂದ ಮೇಲೆ ಬಾಯಿ ತೆರೆದುಕೊಂಡೇ ನಿಂತ. ದಿನಾ ಆ ಹೋಟೆಲಿನಲ್ಲಿ ಉಣ್ಣುತ್ತಿದ್ದ ಹಮಾಲನೊಬ್ಬ, "ಹಂಗಾದ್ರ ಕರಿ ಅಂಗಿಯವ್ರು ಹೊಳ್ಳಿ ಹೋದ್ರೇನ್ರೀ?" ಎಂದು ಕೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಗುವಿನ ನಡುವೆ ಬೀಗ ಜಡಿಯುವುದು ಯಾರಿಂದಲೂ ಆಗಲಿಲ್ಲ. ಬೆವರಿನಲ್ಲಿ ತೊಯ್ದಿದ್ದ ಹುಡುಗರಲ್ಲಿ ಇಬ್ಬರು ಅದೇ ಹೋಟೆಲಿಗೆ ಬಂದು ನೀರು ಕೇಳಿದರು, ಅವಳ ಅವ್ವ ಕೊಟ್ಟಳು. ಅಣ್ಣ ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟ. ನಾನು ಮಾತ್ರ ಆ ಸಂಜೆ ಬಸ್ಸಿನಲ್ಲಿ ಬೀಗುತ್ತ ಮನೆಗೆ ಬಂದಿದ್ದೆ.

ವಾರದ ನಂತರ ಹೋಟೆಲಿಗೆ ಹೋದೆ. ಒಳಗೆ ಗಿರಾಕಿಗಳು ತುಂಬಿದ್ದರು. ಗೆಳತಿ ನನ್ನೆದುರು ಕೂತು ಪರೀಕ್ಷೆಯ ಮಾತಾಡುತ್ತಿದ್ದಳು. ಮಗಳೊಡನೆ ತೆಲುಗು ಬಿಟ್ಟು ಬೇರೆ ಆಡಿ ಗೊತ್ತಿರದ ಅವಳ ಅವ್ವ, ಒಲೆಯ ಬಳಿಯಿಂದ ಗಿರಾಕಿಗಳನ್ನೊಮ್ಮೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ತಡವರಿಸುತ್ತ ಕನ್ನಡದಲ್ಲಿ ಕರೆದಳು:

"ಮಗಳೇ... ಇಲ್ಲಿ ಬಾ."

ಗೆಳತಿ ತಿರುಗಿ ನೋಡಲಿಲ್ಲ. ತಾಯಿ ಕರೆಯುತ್ತಿರುವುದು ತನ್ನನ್ನೇ ಎಂದು ಅವಳಿಗೆ ತಿಳಿಯಲಿಲ್ಲ.