ಕೊನೆಯವರ ಎರಡು ಬೆಲ್

ಅರವತ್ತು ದಾಟಿದವರು ಸೈಕಲ್ ಮೇಲೆ ಹೋಗುತ್ತಾ ಹಿಂದಕ್ಕೆ ತಿರುಗಿ ನೋಡಬಾರದು. ಕುತ್ತಿಗೆಯೊಂದೇ ತಿರುಗುವ ಕಾಲ ಹೋಗಿರುತ್ತದೆ. ಈಗ ಕುತ್ತಿಗೆಯ ಜೊತೆಗೆ ಭುಜ, ಭುಜದ ಜೊತೆಗೆ ಹ್ಯಾಂಡಲ್ಲು, ಹ್ಯಾಂಡಲ್ಲಿನ ಜೊತೆಗೆ ಇಡೀ ಮನುಷ್ಯ ತಿರುಗಿ ಚರಂಡಿ ಸೇರುತ್ತಾನೆ. ನಮ್ಮ ತಂಡದ ತೆಂಗಿನಕಾಯಿ ವ್ಯಾಪಾರಿ ಊರ್ಡಿಗೆರೆ ರಸ್ತೆಯಲ್ಲಿ ಹಾಗೆ ಬಿದ್ದು ಮೂರು ತಿಂಗಳು ಕೈಗೆ ಪಟ್ಟಿ ಕಟ್ಟಿಕೊಂಡು ಓಡಾಡಿದ ಮೇಲೆ ನಾವೊಂದು ಪದ್ಧತಿ ಮಾಡಿಕೊಂಡೆವು.

ಭಾನುವಾರ ಬೆಳಿಗ್ಗೆ ತುಮಕೂರಿನಿಂದ ಹೊರಡುತ್ತಿದ್ದವರು ಐದು ಜನ. ಒಬ್ಬರ ಹಿಂದೆ ಒಬ್ಬರು, ಯಾವತ್ತೂ ಅದೇ ಸಾಲು. ಮುಂದೆ ನಿವೃತ್ತ ಮೇಷ್ಟ್ರು, ಅವರ ಹಿಂದೆ ವ್ಯಾಪಾರಿ, ಮೂರನೆಯವರು ನರ್ಸ್ ಆಗಿದ್ದ ಸಿಸ್ಟರ್, ನಾಲ್ಕನೆಯವನು ನಾನು, ಕೊನೆಗೆ ಗುಬ್ಬಿಯ ಅಣ್ಣ. ಪ್ರತಿ ಸೇತುವೆ, ಪ್ರತಿ ತಿರುವಿನಲ್ಲಿ ಮೇಷ್ಟ್ರು ಒಂದು ಬೆಲ್ ಹೊಡೆಯಬೇಕು, ಹಿಂದಿನವರು ಸರದಿಯಲ್ಲಿ ಒಂದೊಂದು ಹೊಡೆಯಬೇಕು, ಕೊನೆಯವರು ಎರಡು. ಆ ಎರಡು ಕೇಳಿಸಿದರೆ ಎಲ್ಲರೂ ಬರುತ್ತಿದ್ದಾರೆ ಎಂದರ್ಥ. ಕೇಳಿಸದಿದ್ದರೆ ಎಲ್ಲರೂ ನಿಲ್ಲಬೇಕು. ಹೀಗೆ ಮೂರು ಸಲ ತಂಡವನ್ನು ನಿಲ್ಲಿಸಿದವರು ದೂರದ ಸವಾರಿ ಬಿಟ್ಟು ಊರೊಳಗಿನ ಅಮಾನಿಕೆರೆ ಸುತ್ತಿಕೊಂಡಿರಬೇಕು. ಈ ಕೊನೆಯ ನಿಯಮ ಮಾಡಿದವನು ನಾನು. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಷನ್ ಮೇಜಿನ ಮುಂದೆ ಕೂತು ಸೊಟ್ಟಗಿದ್ದ ಪೀಸುಗಳನ್ನು ರಿಜೆಕ್ಟ್ ಮಾಡಿದವನಿಗೆ ಮನುಷ್ಯರ ಮೇಲೂ ಅದೇ ಚಟ.

ಅಣ್ಣ ನನಗಿಂತ ಐದು ವರ್ಷ ದೊಡ್ಡವರು. ರಕ್ತಸಂಬಂಧವೇನೂ ಇಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರ ಕಪ್ಪು ಸೈಕಲ್ಲಿಗೆ ಅವರ ಮಗಳಿಗಿಂತ ಹೆಚ್ಚು ವಯಸ್ಸು. ಅದಕ್ಕೆ ವಾರಕ್ಕೊಮ್ಮೆ ಹಳೇ ಬನಿಯನ್ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಒರೆಸುತ್ತಿದ್ದರು, ಒಂದೊಂದು ಕಡ್ಡಿಯನ್ನೂ ಬಿಡದೆ. ನಾನು ರಿಟೈರ್ ಆದಾಗ ಕೊಂಡ ಗೇರ್ ಸೈಕಲ್ ಕಂಡರೆ ಅವರಿಗೆ ತಮಾಷೆ. "ಏನ್ಲಾ, ಇದುಕ್ಕೆ ಸ್ಟ್ಯಾಂಡೂ ಇಲ್ವಲ್ಲೋ, ಗೋಡೆ ಸಿಗೋಗಂಟ ನೀನೇ ಹಿಡ್ಕೊಂಡ್ ನಿಂತಿರ್ಬೇಕಾ?" ಎನ್ನುತ್ತಿದ್ದರು. ಅವರ ಹಿತ್ತಾಳೆ ಬೆಲ್ಲಿಗೆ ಅಂಚಿನಲ್ಲೊಂದು ಸೀಳು ಬಿದ್ದಿತ್ತು. ಅದರ ಸದ್ದು ಕೆಮ್ಮಿದ ಹಾಗೆ ಬರುತ್ತಿತ್ತು. ನೂರು ಬೆಲ್ಲುಗಳ ನಡುವೆಯೂ ನಮಗೆ ಅದರ ಗುರುತು ಸಿಗುತ್ತಿತ್ತು.

ಎದೆಯ ಆಪರೇಷನ್ ಆದ ಮೇಲೆ ಅವರು ಹಿಂದೆ ಬೀಳತೊಡಗಿದರು. ಎರಡು ಸಲ ತಂಡ ನಿಂತಿತು. ಮೂರನೆಯದು ಬಾಕಿ. ತಂಡದ ಜೊತೆಗಾದರೆ ಮಾತ್ರ ಹೋಗು, ಇಲ್ಲದಿದ್ದರೆ ಸೈಕಲ್ಲಿಗೆ ಬೀಗ ಎಂದು ಮಗಳು ಮೊದಲೇ ಹೇಳಿಬಿಟ್ಟಿದ್ದಳು. ಒಂದು ಶನಿವಾರ ಸಂಜೆ ನಮ್ಮ ಮನೆಗೆ ಬಂದವರು ಜೇಬಿನಿಂದ ಸ್ಪ್ಯಾನರ್ ತೆಗೆದು ತಮ್ಮ ಬೆಲ್ಲು ಬಿಚ್ಚಿ ನನ್ನ ಹ್ಯಾಂಡಲ್ಲಿಗೆ ಕೂರಿಸಿದರು.

"ನಂದೂ ನೀನೇ ಹೊಡ್ದ್‌ಬುಡು. ಒಂದು ಫರ್ಲಾಂಗ್ ಹಿಂದೆ ಬರ್ತಿರ್ತೀನಿ. ಎಲ್ಲೂ ಹೋಗಲ್ಲ ಕಣೋ."

"ಬೇಡ ಅಣ್ಣ" ಎಂದೆ. ಅವರು ನನ್ನ ಮುಖ ನೋಡಿದರು. "ಆ ಕೆರೆ ಸುತ್ತು ಸುತ್ತಾಕೆ ನಾನೇನ್ ಗಾಣದೆತ್ತಾ?" ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. ನಿಯಮ ಮಾಡಿದವನೇ ಕಳ್ಳತನಕ್ಕೂ ಇಳಿದೆ. ನನಗೆ ಅವರ ಮೇಲೆ ಅಷ್ಟು ಪ್ರೀತಿ ಇತ್ತು, ಮುಚ್ಚಿಡುವುದೇನು.

ನಾಲ್ಕು ಭಾನುವಾರ ಗುಬ್ಬಿ ರಸ್ತೆಯಲ್ಲಿ ಇದು ಸಲೀಸಾಗಿ ನಡೆಯಿತು. ನನ್ನದೊಂದು, ಆಮೇಲೆ ಕೊಂಚ ತಡೆದು ಅವರದೆರಡು. ಯಾರಿಗೂ ಸುಳಿವು ಸಿಗಲಿಲ್ಲ. ಟೀ ಅಂಗಡಿಗೆ ಅವರು ಹತ್ತು ನಿಮಿಷ ತಡವಾಗಿ ಬಂದರೆ, ಚೈನ್ ಕಳಚಿತ್ತು ಎಂದು ನಾನೇ ಸುಳ್ಳು ಹೇಳುತ್ತಿದ್ದೆ.

ಐದನೆಯ ಭಾನುವಾರ ಕುಣಿಗಲ್ ಕಡೆಗೆ ಹೊರಟೆವು. ಮಾರ್ಕೋನಹಳ್ಳಿ ಡ್ಯಾಮ್ ನೋಡಿ ಬರಬೇಕೆಂಬುದು ಅಣ್ಣನದೇ ಆಸೆ. ಗೂಳೂರು ದಾಟುವಷ್ಟರಲ್ಲಿ ಮಂಜು ಕವಿಯಿತು. ಬೆಳಕಾಗಿದ್ದರೂ ಏನೂ ಕಾಣುತ್ತಿರಲಿಲ್ಲ. ನನಗಿಂತ ಮುಂದಿದ್ದ ಸಿಸ್ಟರ್ ಸೈಕಲ್ಲಿನ ಹಿಂದಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ರಸ್ತೆ ಪಕ್ಕದ ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ. ನಾಗವಲ್ಲಿಯಲ್ಲಿ "ಹೋಗ್ತಿರು, ಬಂದೆ" ಎಂದು ಅಣ್ಣ ಹಿಂದಿನಿಂದ ಕೂಗಿದ್ದು ಕೇಳಿಸಿತು. ಹೆಬ್ಬೂರಿನ ತಿರುವಿನಲ್ಲಿ ಮೇಷ್ಟ್ರ ಬೆಲ್ ಆಯಿತು, ವ್ಯಾಪಾರಿಯದಾಯಿತು, ಸಿಸ್ಟರದೂ ಆಯಿತು. ನನ್ನದನ್ನು ಹೊಡೆದೆ. ಅಭ್ಯಾಸಬಲದಿಂದ ಅವರದೂ ಎರಡು ಹೊಡೆದೆ.

ಹೆಬ್ಬೂರು ದಾಟಿದ ಮೇಲೆ ಒಂದು ಸಣ್ಣ ಸೇತುವೆ ಬಂತು. ಎದುರಿಗೆ ಟ್ರ್ಯಾಕ್ಟರಿನ ಸದ್ದು ಕೇಳಿ ನಾನು ಎರಡೂ ಕೈಯಲ್ಲಿ ಬ್ರೇಕ್ ಹಿಡಿದಿದ್ದೆ. ಮುಂದಿನವರ ಮೂರು ಬೆಲ್ ಕೇಳಿಸಿದವು. ಹೆಬ್ಬೆರಳು ಚಾಚಿ ನನ್ನದೊಂದು ಹೊಡೆದೆ. ಅಣ್ಣನ ಬೆಲ್ಲಿಗೆ ಬೆರಳು ಹೋಗುವ ಮುಂಚೆಯೇ, ನನ್ನ ಬೆನ್ನ ಹಿಂದೆ, ಆರೇಳು ಮಾರು ದೂರದಲ್ಲಿ ಎರಡು ಸಲ ಬೆಲ್ ಆಯಿತು. ಅದೇ ಕೆಮ್ಮಿನ ಸದ್ದು.

ಹ್ಯಾಂಡಲ್ ಮೇಲಿನ ಅಣ್ಣನ ಬೆಲ್ಲಿನ ಹಿತ್ತಾಳೆ ಬಟ್ಟಲನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು, ಒಂದಿಷ್ಟೂ ಅದುರುತ್ತಿರಲಿಲ್ಲ. ಅದರ ಮೇಲೆ ಕೂತ ಮಂಜಿನ ಹನಿ ಕೂಡ ಕದಲಿರಲಿಲ್ಲ.

ನನಗೆ ಆಗ ಭಯವಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಖುಷಿಯಾಯಿತು. ಮುದುಕಪ್ಪ ಎಲ್ಲೋ ಇನ್ನೊಂದು ಹಳೇ ಬೆಲ್ಲು ಗಿಟ್ಟಿಸಿಕೊಂಡು ನನ್ನನ್ನು ಸೇರಿಕೊಂಡಿದ್ದಾರೆ, ಈಗ ನನಗೇ ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. "ಅಣ್ಣಾ, ಸಾಕು ಬುಡಣ್ಣ" ಎಂದು ಮುಂದೆ ನೋಡಿಕೊಂಡೇ ಕೂಗಿದೆ. ಮುಂದಿನ ತಿರುವಿನಲ್ಲೂ ನಾನು ಕೈ ಹಾಕಲಿಲ್ಲ, ಎರಡು ಬೆಲ್ ಬಂತು. ಅದರ ಮುಂದಿನ ಸೇತುವೆಯಲ್ಲೂ ಬಂತು. ಆದರೆ ಟೈರಿನ ಸದ್ದಿಲ್ಲ, ಉಸಿರಿನ ಸದ್ದಿಲ್ಲ. ಅವರು ಸ್ವಲ್ಪ ಏರು ಬಂದರೂ ಏದುಸಿರು ಬಿಡುತ್ತಿದ್ದವರು. ಮಂಜು ಹರಿಯುವವರೆಗೂ ನಾನು ತಿರುಗಿ ನೋಡಲಿಲ್ಲ. ನಿಯಮಕ್ಕಾಗಿ ಅಲ್ಲ, ಹೆದರಿಕೆಗೆ.

ಕುಣಿಗಲ್ ಹತ್ತಿರ ಬಂದಾಗ ಬಿಸಿಲು ಬಿತ್ತು. ಕಾಲು ಊರಿ ನಿಂತು ತಿರುಗಿದೆ. ರಸ್ತೆ ಖಾಲಿ.

ಮೇಷ್ಟ್ರನ್ನು ಕೂಗಿದೆ. "ಈಗ್ತಾನೆ ಕೇಳಿಸ್ತಲ್ರೀ ಅವರ ಬೆಲ್ಲು!" ಎಂದರು ಅವರು. ವ್ಯಾಪಾರಿಯೂ ಸಿಸ್ಟರೂ ಹೌದೆಂದರು. ಅಣ್ಣನ ಫೋನು ಎಂದಿನಂತೆ ಸ್ವಿಚ್ ಆಫ್ ಆಗಿತ್ತು, ಮಗಳು ಎಲ್ಲಿದೀಯ ಎಂದು ಕೇಳದಿರಲಿ ಎಂದು. ಹಾಲಿನ ವ್ಯಾನೊಂದಕ್ಕೆ ಕೈ ಅಡ್ಡ ಹಾಕಿ ಸಿಸ್ಟರ್ ಮತ್ತು ನಾನು ಹಿಂದಕ್ಕೆ ಹೋದೆವು. ಹೆಬ್ಬೂರು ಬಂತು, ಇರಲಿಲ್ಲ. ಅಲ್ಲಿಂದ ಇನ್ನೂ ಹಿಂದೆ, ನಾಗವಲ್ಲಿ ಕಡೆಯ ರಸ್ತೆಯಲ್ಲಿ, ಹೊಂಗೆ ಮರದ ಬುಡಕ್ಕೆ ಒರಗಿ ಕೂತಿದ್ದರು. ಸೈಕಲ್ಲಿಗೆ ನೆಟ್ಟಗೆ ಸ್ಟ್ಯಾಂಡ್ ಹಾಕಿದ್ದರು. ಸುತ್ತಲಿನ ಹುಲ್ಲೆಲ್ಲ ಮಂಜಿಗೆ ನೆಂದಿತ್ತು, ಸೈಕಲ್ ಮಾತ್ರ ಒಣಗಿತ್ತು. ಒರೆಸಿದ ಟವೆಲ್ ತೊಡೆಯ ಮೇಲಿತ್ತು. ಸಿಸ್ಟರ್ ಕೈ ಹಿಡಿದು ನೋಡಿದರು, ಕುತ್ತಿಗೆ ಮುಟ್ಟಿದರು, ಆಮೇಲೆ ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದರು.

ಡೈರಿಗೆ ಹಾಲು ಹಾಕಿ ವಾಪಸು ಬರುತ್ತಿದ್ದ ಹೆಂಗಸೊಬ್ಬಳು ಕ್ಯಾನು ಇಳಿಸಿ ನಿಂತಳು. "ಅಯ್ಯೋ ಶಿವನೇ! ನಾನು ಹೋಗುವಾಗ ಕೂತಿದ್ರು ಕಣಣ್ಣ. ಯಾಕಜ್ಜ, ಯಾರನ್ನಾರ ಕರೀಲಾ ಅಂದೆ. ಬ್ಯಾಡ ಕಣವ್ವ, ನಮ್ಮೋರು ಮುಂದವ್ರೆ, ನಿಂತ್ಕೋತಾರೆ ಅಂದ್ರು" ಎಂದಳು. ಹೆಬ್ಬೂರು ಅಲ್ಲಿಂದ ಹತ್ತು ನಿಮಿಷದ ದಾರಿ. ಅಲ್ಲಿ ನಾನು ಆ ಎರಡು ಬೆಲ್ ಹೊಡೆಯದೆ ಇದ್ದಿದ್ದರೆ ಎಲ್ಲರೂ ನಿಲ್ಲುತ್ತಿದ್ದೆವು, ಸಿಸ್ಟರ್ ಅವರ ಪಕ್ಕದಲ್ಲಿರುತ್ತಿದ್ದರು.

ಹನ್ನೊಂದನೆಯ ದಿನ ಗುಬ್ಬಿಯ ಅವರ ಹಿರಿಯರ ಮನೆಯಲ್ಲಿ ಶಿವಗಣಾರಾಧನೆ ನಡೆಯಿತು. ವಿಭೂತಿ ಹಚ್ಚಿಕೊಂಡು ಕೂತಿದ್ದ ಮೇಷ್ಟ್ರು ಬಂದವರಿಗೆಲ್ಲ, ಕುಣಿಗಲ್ ಹತ್ತಿರದವರೆಗೂ ಅವರ ಬೆಲ್ಲು ನಮ್ಮ ಕಿವಿಗೆ ಬೀಳುತ್ತಿತ್ತು ಎಂದು ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಣ್ಣನ ಹೆಂಡತಿಯನ್ನು ಹಿತ್ತಲಿಗೆ ಕರೆದು ಜೇಬಿನಿಂದ ಆ ಹಿತ್ತಾಳೆ ಬೆಲ್ಲು ತೆಗೆದು ಅವರ ಕೈಲಿಟ್ಟೆ. ಗಂಡನ ಬೆಲ್ಲು ನನ್ನ ಹ್ಯಾಂಡಲ್ಲಿಗೆ ಯಾಕೆ ಬಂತು, ಹೆಬ್ಬೂರಿನಲ್ಲಿ ನಾನೇನು ಮಾಡಿದೆ, ಎರಡನ್ನೂ ಹೇಳಿದೆ. "ಹೆಬ್ಬೂರಿನಿಂದಾಚೆಗೆ ನಾನು ಮುಟ್ಟಿಲ್ಲ ಅತ್ತಿಗೆ. ಆದ್ರೂ ಮೂರು ಸಲ ಬಂತು. ಎಲ್ರೂ ಕೇಳಿಸ್ಕೊಂಡಿದಾರೆ."

ಅವರು ಬೆಲ್ಲನ್ನು ಸೆರಗಿನಿಂದ ಒರೆಸಿದರು.

"ಎರಡು ಬೆಲ್ ಬರ್ದೇ ಇದ್ದಿದ್ರೆ ಅಲ್ಲಿ ನಿಲ್ತಿದ್ರಾ?"

"ನಿಲ್ತಿದ್ವಿ ಅತ್ತಿಗೆ."

"ಅಂಗಾದ್ರೆ ಅವ್ರೇ ಹೊಡ್ದಿರ್ತಾರೆ ಬುಡಪ್ಪ. ಬೆಲ್ಲು ಯಾರ್ ತಾವಿದ್ರೇನು, ಅದು ಅವ್ರದ್ದೇ ಅಲ್ವಾ. ನನ್ನಿಂದ ಯಾರೂ ನಿಲ್ಬ್ಯಾಡಿ, ಹೋಗ್ತಿರಿ ಅಂತ ಹೊಡ್ದವ್ರೆ" ಎಂದರು. ಹನ್ನೊಂದು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಒಂದಿಷ್ಟು ನೆಮ್ಮದಿ ಕಂಡಿತು. "ಅವ್ರ ಗುಣ ನಂಗೊತ್ತಿಲ್ವಾ? ನೀವು ನಿಂತ್ಕೋಬೇಕು ಅಂತ ಅವ್ರಿಗೆ ಯಾವತ್ತೂ ಇರ್ಲಿಲ್ಲ, ಅಲ್ವೇನಪ್ಪ?"

ಹೊಂಗೆ ಮರದಡಿ, ನಾವು ನಿಂತುಕೊಳ್ಳುತ್ತೇವೆ ಎಂದೇ ಕಾದು ಕೂತಿದ್ದವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು ಅತ್ತಿಗೆ" ಎಂದೆ.