ಓರೆಯಾಗಿ ತುರುಕಿದ ಕೀಬೋರ್ಡ್ ಪ್ಲಗ್ಗು

ಕಂಪ್ಯೂಟರಿನ ಹಿಂಬದಿಯಲ್ಲಿ ಒಂದೊಂದು ಕೇಬಲ್ಲಿಗೂ ಒಂದೊಂದು ಆಕಾರದ ಕಿಂಡಿ ಇರುತ್ತಿದ್ದ ಕಾಲವದು. ಅರಸೀಕೆರೆಯಲ್ಲಿ, ಒಗೆದ ಬಟ್ಟೆಗೂ ಕೊಬ್ಬರಿಯ ವಾಸನೆ ಅಂಟುತ್ತಿದ್ದ ಬೀದಿಯಲ್ಲಿ ನಮ್ಮ ಮನೆ. ನಾನಾಗ ಏಳನೇ ಕ್ಲಾಸು ಮುಗಿಸಿದ್ದೆ. ಅಮ್ಮ ಒಂದು ಆಫೀಸಿನಲ್ಲಿ ಟೈಪಿಸ್ಟು. ಆ ಬೇಸಿಗೆ ಅಲ್ಲಿಗೂ ಕಂಪ್ಯೂಟರ್ ಬಂತು. ಅದರಲ್ಲಿ ಟೈಪ್ ಮಾಡಿ ತೋರಿಸಿದವರಿಗೆ ಮಾತ್ರ ಆ ಕೆಲಸ ಎಂದರಂತೆ. ಹಾಸನದಲ್ಲಿದ್ದ ಸೋದರಮಾವ ತಮ್ಮ ಹಳೆಯ ಕಂಪ್ಯೂಟರನ್ನು ಅಮ್ಮನ ಅಭ್ಯಾಸಕ್ಕೆಂದು ತಂದುಕೊಟ್ಟರು.

ವೈರುಗಳನ್ನು ಜೋಡಿಸಿದ್ದು ನಾನು. ಮಾನಿಟರಿನದು ನೀಲಿ, ಎರಡು ಬದಿಗೂ ತಿರುಪು. ಕೀಬೋರ್ಡಿನದು ನೇರಳೆ, ಮೌಸಿನದು ಹಸಿರು. ಎರಡೂ ಗುಂಡಗೆ, ಒಳಗೆ ಸೂಜಿಯಂಥ ಪಿನ್ನುಗಳು. ಅಮ್ಮ ನೆಲದ ಮೇಲೆ ನನ್ನ ಪಕ್ಕ ಕೂತು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳನ್ನು ನನ್ನ ಬಾಯಿಗಿಡುತ್ತಾ, "ಇದ್ಯಾತಕ್ಕೆ? ಅದೆಲ್ಲಿಗೆ ಹೋಗುತ್ತೆ?" ಎಂದು ಕೇಳಿದ್ದೇ ಕೇಳಿದ್ದು.

ಆಫೀಸಿನಲ್ಲಿ ಅಮ್ಮನ ಟೈಪಿಂಗ್ ಪರೀಕ್ಷೆಗೆ ಐದು ದಿನವಿತ್ತು. ಗೆಳತಿ ಸುಜಾತಳ ಮುಂದೆ ಜಂಬ ಕೊಚ್ಚಿಕೊಳ್ಳಲು ಕೀಬೋರ್ಡ್ ಪ್ಲಗ್ಗು ಕಿತ್ತು ತೋರಿಸಿದೆ. ಮತ್ತೆ ಹಾಕುವಾಗ ಹೋಗಲಿಲ್ಲ. ಬಲವಾಗಿ ಒತ್ತಿದೆ. ಸಂಜೆ ಅಮ್ಮ ಕೂತಾಗ ಒಂದಕ್ಷರವೂ ಮೂಡಲಿಲ್ಲ.

"ಅಯ್ಯೋ, ನಾನೇ ಏನೋ ಒತ್ಬಾರದ್ದು ಒತ್ಬಿಟ್ಟೆ ಕಣೇ. ಅಣ್ಣಂಗೆ ಏನಂತ ಹೇಳ್ಲಿ?"

ಅಮ್ಮ ಕ್ಯಾಲೆಂಡರಿನ ಹಾಳೆಯ ಹಿಂದೆ ಕೀಲಿಗಳನ್ನು ಬರೆದುಕೊಂಡು, ಕಾಗದದ ಮೇಲೆಯೇ ಬೆರಳಾಡಿಸತೊಡಗಿದಳು. ಆ ಸದ್ದು ಕೇಳಲಾರದೆ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ನಾಲ್ಕನೇ ದಿನ ಪ್ಲಗ್ಗಿನ ವಿಷಯ ಹೇಳಿಬಿಟ್ಟೆ. ಅಮ್ಮ ಹೊಡೆಯಲಿಲ್ಲ. "ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲೇ" ಎಂದಳು, ಅಷ್ಟೇ.

ಪಕ್ಕದ ಬೀದಿಯ ರೇಡಿಯೋ ರಿಪೇರಿ ರಂಗಣ್ಣ ಬಂದು ನೋಡಿದ. "ಪಿನ್ನು ಬಗ್ಗೈತೆ ಕಣಕ್ಕ, ಇನ್ನೇನೂ ಆಗಿಲ್ಲ" ಎಂದು ಚಿಮಟದಿಂದ ನೆಟ್ಟಗೆ ಮಾಡಿದ. ಐದು ನಿಮಿಷದ ಕೆಲಸ.

ಆದರೆ ಅಮ್ಮನ ಒಳಗೆ ಹೊಕ್ಕ ಹೆದರಿಕೆ ಹೋಗಲಿಲ್ಲ. ಪ್ರತಿ ಕೀಲಿಗೂ ನನ್ನ ಮುಖ ನೋಡುತ್ತಿದ್ದಳು, "ಒತ್ಲಾ?"

ಮಾರನೆಯ ದಿನ ಪರೀಕ್ಷೆ ಮುಗಿಸಿ ಬಂದವಳು ಹೊಸ್ತಿಲಲ್ಲೇ ಕೂತಳು. "ಕೆಟ್ಟೋದ್ರೆ ಅಂತ ಒಂದೊಂದು ಕೀಲಿಗೂ ಯೋಚ್ನೆ ಮಾಡ್ತಾ ಕೂತೆ ಕಣೇ. ಅರ್ಧಕ್ಕೇ ಟೈಮಾಯ್ತು."

ಅವಳನ್ನು ಟಪಾಲು ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೂ ಲಕೋಟೆಗಳಿಗೆ ಅಂಟು ಹಚ್ಚಿದಳು. ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನನ್ನ ಭಾರವಾದರೂ ಸ್ವಲ್ಪ ಇಳಿಯುತ್ತಿತ್ತೇನೋ.

ಈಗ ಆಫೀಸಿನ ನನ್ನ ಮೇಜಿನ ಮೇಲೆ ಎಲ್ಲಕ್ಕೂ ಒಂದೇ ಚಪ್ಪಟೆ ಪ್ಲಗ್ಗು. ಹೇಗೆ ಹಾಕಿದರೂ ಕೂರುತ್ತದೆ. ದಿನವಿಡೀ ಅದನ್ನು ಹಾಕಿ, ತೆಗೆದು ಸುಸ್ತಾಗಿ ಮನೆಗೆ ಬರುತ್ತೇನೆ. ಅಮ್ಮನ ಫೋನಿಗೆ ಏನಾದರೂ ಬಂದರೆ ದೂರ ಹಿಡಿದು, "ನೀನೇ ನೋಡಮ್ಮ, ನಂಗ್ಯಾಕೆ" ಎನ್ನುತ್ತಾಳೆ. ಹೇಳಿಕೊಡುತ್ತೇನೆ ಬಾ ಎಂದರೆ ಬರುವುದಿಲ್ಲ. ಎಲ್ಲವನ್ನೂ ತಿಳಿಯಬೇಕೆಂದು ನೆಲದ ಮೇಲೆ ನನ್ನ ಪಕ್ಕ ಕೂತಿದ್ದ ಆ ಹೆಂಗಸನ್ನು ನಾನು ಕಂಡದ್ದು ಕೆಲವೇ ವಾರ. ಆಮೇಲೆ ಅವಳು ಸಿಗಲಿಲ್ಲ.