ನೀರಿನಲ್ಲಿ ಹೇಳಿದ ಕಥೆ

ಹಿರೇಕೆರೂರಿನಿಂದ ಮಾಸೂರಿಗೆ ಹೊರಟ ಬಸ್ಸಿನಲ್ಲಿ ಇವತ್ತು ನನ್ನ ಮಾನ ಹೋಯಿತು. ಪಕ್ಕದ ಸೀಟಿನಲ್ಲಿ ಪುಟ್ಟ ಹುಡುಗಿಯೊಬ್ಬಳು ತೂಕಡಿಸುತ್ತಿದ್ದ ಅವ್ವನಿಗೆ ಕಥೆ ಹೇಳುತ್ತಿದ್ದಳು. "ಹ್ಞೂಂ ಅನ್ನಬೇ!" ಎಂದು ಅವಳು ಗದರಿದಾಗ ಥಟ್ಟನೆ "ಹ್ಞೂಂ" ಎಂದವಳು ನಾನು. ಅರ್ಧ ಬಸ್ಸು ತಿರುಗಿ ನೋಡಿತು.

ಏನು ಮಾಡಲಿ, ನನ್ನ ಸೋದರಮಾವ ಬಸಣ್ಣ ಹಚ್ಚಿದ ಅಭ್ಯಾಸ. ಮದಗದ ಕೆರೆಯೇ ದೊಡ್ಡ ನೀರು ಎಂದುಕೊಂಡಿದ್ದ ಮನೆತನದಲ್ಲಿ ನೌಕಾಪಡೆ ಸೇರಿ ಸಮುದ್ರ ಕಂಡವನು ಅವನೊಬ್ಬನೇ. ನಾವು ರಜೆಗೆ ಮಾಸೂರಿಗೆ ಹೋದಾಗ ಕಥೆ ಹೇಳುತ್ತಿದ್ದ, ಆದರೆ ಮಾತುಮಾತಿಗೂ ಹೂಂಗುಟ್ಟಬೇಕು. ಕಣ್ಣು ಮುಚ್ಚಿದರೆ ಕಿವಿ ಹಿಂಡುತ್ತಿದ್ದ. ಇಂಥ ಜುಲುಮೆಯ ಕಥೆಗಾರ ಶತ್ರುವಿಗೂ ಬೇಡ ಎಂದು ನಾನು ಶಪಿಸಿದ್ದುಂಟು.

ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ, ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರ್ ಕಾಕಾ ಅವರಿಂದ. ಹರೆಯದಲ್ಲಿ ಅವರೂ ಮಾವನೂ ಒಂದೇ ಹಡಗಿನಲ್ಲಿದ್ದವರು. ಯುದ್ಧದಲ್ಲಿ ಆ ಸಣ್ಣ ಹಡಗು ಮುಂಜಾನೆ ಮುಳುಗಿತಂತೆ. ಸಂಜೆ ದೋಣಿ ಬರುವವರೆಗೆ ಇಬ್ಬರೂ ಒಂದೇ ಹಲಗೆ ಹಿಡಿದು ತೇಲಿದರು. ಕಾಕಾ ಗಾಯಗೊಂಡಿದ್ದರು, ಕಣ್ಣು ಎಳೆಯುತ್ತಿತ್ತು.

"ನಿದ್ದಿ ಹತ್ತಿದ್ರ ಕೈ ಬಿಡತಿದ್ದೆ, ಬೇಟಿ. ನಿಮ್ಮ ಮಾವ ಕಥಿ ಚಾಲೂ ಮಾಡಿದ. ಹ್ಞೂಂ ಅನ್ನಲೇ ಖಾದರ್, ಹ್ಞೂಂ ಅನ್ನು ಅಂತ ಒಂದ ಸವನ ಬೈಕೋತ ಹೇಳಿದ."

ಹಿಂಡಿಸಿಕೊಂಡ ಕಿವಿಯ ಬಗ್ಗೆ ಅಂದಿನಿಂದ ನನಗೆ ಹೆಮ್ಮೆ.

ಹೋದ ವರ್ಷ ಮಾವನಿಗೆ ಲಕ್ವಾ ಹೊಡೆದು ಮಾತು ನಿಂತಿತು. "ಮಾತಾಡಸ್ಕೋತ ಇರ್ರಿ" ಎಂದರು ಡಾಕ್ಟರು. ಮೂರು ವಾರ ಮಾತಾಡಿಸಿ ನಾವು ಸೋತೆವು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಆ ದನಿ ಇನ್ನು ಕೇಳುವುದಿಲ್ಲವೆಂದು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಆಗ ಕಾಕಾ ಬಂದರು. ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು, ನೀರಿನಲ್ಲಿ ಕೇಳಿದ್ದ ಅದೇ ಕಥೆ ಶುರು ಮಾಡಿದರು.

"ಒಬ್ಬಾಕಿ ಮುದುಕಿ ಇದ್ಳಪ. ಆಡು ಹೊಡಕೊಂಡು ಸಂತಿಗೆ ಹೊಂಟ್ಳು..."

ನನಗೆ ಗಾಬರಿ. ನಾನು ನೂರು ಸಲ ಕೇಳಿದ ಆ ಕಥೆಯಲ್ಲಿ ಮುದುಕಿಯ ಹತ್ತಿರ ಇದ್ದದ್ದು ಎಮ್ಮೆ. ಕಾಕಾ ಆಡಿಗೆ ನೀರು ಕುಡಿಸಿದರು, ಆಡಿನ ಹಾಲು ಹಿಂಡಿದರು. ಮಾವನ ಹುಬ್ಬು ಗಂಟಾಯಿತು. ಮುಖ ಇತ್ತ ತಿರುಗಿತು. ಸೊಟ್ಟಗಾದ ತುಟಿ ಒದ್ದಾಡಿ ಒದ್ದಾಡಿ, ಕಡೆಗೆ ಸಿಟ್ಟಿನಿಂದ ಒಂದು ಮಾತು ಹೊರಬಂತು:

"ಎಮ್ಮಿ!"

ಮನೆಮಂದಿಯೆಲ್ಲ ನಕ್ಕೆವು, ಅತ್ತೆವು. ಕಾಕಾ ಅವರನ್ನು ಬಾಗಿಲವರೆಗೆ ಕಳಿಸುವಾಗ ಕೇಳಿದೆ, "ಬೇಕಂತನ ತಪ್ಪು ಹೇಳಿದ್ರೇನ್ರಿ, ಕಾಕಾ?"

"ಇಲ್ಲ ಬೇಟಿ, ಖರೇನ ಗೊತ್ತಿರಲಿಲ್ಲ. ಅವತ್ತ ನಾ ಕಥಿ ಎಲ್ಲಿ ಕೇಳಿದ್ದೆ? ಅವನ ದನಿ ಅಷ್ಟ ಕೇಳಿದ್ದೆ."

ಈಗ ಮಾವ ತೊದಲುತ್ತ ಮಾತಾಡುತ್ತಾನೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಕಾಕಾ ಬರುತ್ತಾರೆ, ಮಾವ ಅವರಿಗೆ ಮೊದಲಿನಿಂದ ಕಥೆ ಕಲಿಸುತ್ತಾನೆ. ಇವತ್ತು ಶುಕ್ರವಾರ, ನಾನೂ ಹೊರಟಿದ್ದೇನೆ. ಒಂದೊಂದು ಮಾತು ಹೊರಡಲು ಎಷ್ಟು ಹೊತ್ತು ಹಿಡಿಯುತ್ತದೆಂದರೆ, ಎಮ್ಮೆ ಇನ್ನೂ ಸಂತೆ ಮುಟ್ಟಿಲ್ಲ. ದೇವರ ದಯೆ, ನಮಗೆ ಯಾರಿಗೂ ಅವಸರವಿಲ್ಲ.